ಬಿಟ್ಟಿ ರೂಮಿಗೆ ಎಷ್ಟು ಬಾಡಿಗೆ ಕಟ್ಟುತ್ತಿದ್ದೀರಿ?

(ಲಾಸ್ ವೇಗಸ್‌ಗೆ ಹೊರಟಿರುವ ಕನ್ನಡಿಗರಿಗೊಂದು ಕರಪತ್ರ. ಓದಿ, ಕಾರಿನಲ್ಲಿಟ್ಟುಕೊಳ್ಳಿ, ಜತೆಗೆ ಬರುವವರಿಗೂ ಕೊಡಿ.)



ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ಊಟದ ಸಾಲಿನಲ್ಲಿ ನಿಂತಾಗ ಪ್ರತಿ ನವೆಂಬರಿನಲ್ಲೂ ಇದೇ ಮಾತು. "ಥ್ಯಾಂಕ್ಸ್‌ಗಿವಿಂಗ್‌ಗೆ ಎಲ್ಲಿಗೆ ಹೊರಟ್ರಿ?" "ವೇಗಸ್‌ಗೆ. ಮೂರು ರಾತ್ರಿ ರೂಮ್ ಫ್ರೀ ಬಂದಿದೆ, ಬಿಡೋದ್ಯಾಕೆ?" ಬುಧವಾರ ಸಂಜೆ ಬೇ ಏರಿಯಾದಿಂದ ಹೊರಟ ಕಾರುಗಳೂ ಲಾಸ್ ಏಂಜಲೀಸ್ ಕಡೆಯಿಂದ ಹೊರಟ ಕಾರುಗಳೂ ಬಾರ್ಸ್ಟೋ ಹತ್ತಿರ ಒಂದೇ ರಸ್ತೆಗೆ ಬಂದು ಸೇರುತ್ತವೆ. ಹಿಂದಿನ ಸೀಟಿನಲ್ಲಿ ಚಪಾತಿ, ಚಿತ್ರಾನ್ನದ ಡಬ್ಬ. ದಾರಿಯಲ್ಲಿ ಇಪ್ಪತ್ತು ಡಾಲರ್ ಉಳಿಯಲಿ ಎಂದು ಡಬ್ಬ ಕಟ್ಟಿಕೊಂಡು ಹೋಗುವ ಜನ ನಾವು. ಅದೇ ನಾವು ಕ್ಯಾಸಿನೊ ಹೊಕ್ಕ ಮೇಲೆ ಗಂಟೆಗೆ ಮೂವತ್ತು ಡಾಲರ್ ನುಂಗುವ ಮಿಷನ್ ಮುಂದೆ ಕೂತು, "ಹೋಗಲಿ ಬಿಡಿ, ರೂಮು ಫ್ರೀ ಇದೆಯಲ್ಲ" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ವೇಗಸ್‌ಗೆ ಹೋಗಬೇಡಿ ಎಂದು ಹೇಳಲು ಈ ಕಾಗದ ಅಚ್ಚು ಹಾಕಿಸಿಲ್ಲ. ನಾವು ಕೇಳಿಕೊಳ್ಳುವುದು ಇಷ್ಟು: ವಿಡಿಯೊ ಪೋಕರ್ ಮಿಷನ್ನಿಗೆ ನೋಟು ಹಾಕುವ ಮೊದಲು, ಯಾವುದಕ್ಕೆ ಎಷ್ಟು ಕೊಡುತ್ತದೆ ಎಂದು ತೋರಿಸುವ ಅದರ ಪೇ ಟೇಬಲ್‌ನಲ್ಲಿ ಎರಡು ಸಾಲು ಓದಿ. ಆ ಎರಡು ಸಾಲಿನ ಅಂಕಿ ಕೆಟ್ಟದಾಗಿದ್ದರೆ ಎದ್ದು ಬನ್ನಿ. ಕ್ಯಾಸಿನೊ ಕೊಡುವ ಕ್ಲಬ್ ಕಾರ್ಡಿಗೆ ಎಷ್ಟು ಪಾಯಿಂಟ್ ಸೇರಿದರೂ ಸರಿ, ಅಲ್ಲಿಂದ ಮನೆಗೆ ಎಂಥ ಬಣ್ಣದ ಆಹ್ವಾನ ಪತ್ರ ಬಂದರೂ ಸರಿ, ಎದ್ದು ಬನ್ನಿ.

ಮಿಷನ್ನಿನ ಮುಖದ ಮೇಲೇ ಬರೆದಿದೆ

ದೀಪಾವಳಿ ರಾತ್ರಿ ಚಾಪೆ ಹಾಸಿ ರಮ್ಮಿ ಆಡುತ್ತ ಬೆಳೆದವರನ್ನು ವಿಡಿಯೊ ಪೋಕರ್ ಬೇಗ ಹಿಡಿದುಕೊಳ್ಳುತ್ತದೆ. 1979ರಲ್ಲಿ ಸೈ ರೆಡ್ ಎಂಬುವರ ಕಂಪನಿ, ಮುಂದೆ ಐಜಿಟಿ ಎಂದು ಹೆಸರಾದದ್ದು, ‘ಡ್ರಾ ಪೋಕರ್’ ಮಿಷನ್ ಹೊರತಂದಾಗಿನಿಂದ ಆಟದ ಕ್ರಮ ಹೆಚ್ಚೇನೂ ಬದಲಾಗಿಲ್ಲ. ಐದು ಎಲೆ ಬೀಳುತ್ತವೆ. ಬೇಕಾದ ಎಲೆ ಹಿಡಿದುಕೊಂಡು ಉಳಿದದ್ದನ್ನು ಒಂದು ಸಲ ಬದಲಾಯಿಸಬಹುದು. ‘ಜ್ಯಾಕ್ಸ್ ಆರ್ ಬೆಟರ್’ ಎಂಬ ಮೂಲ ಆಟದಲ್ಲಿ ಗುಲಾಮ, ರಾಣಿ, ರಾಜ, ಎಕ್ಕ ಇವುಗಳಲ್ಲಿ ಒಂದರ ಜೋಡಿ ಸಿಕ್ಕರೆ ಹಾಕಿದ ಹಣ ವಾಪಸ್. ಅಲ್ಲಿಂದ ಮೇಲಕ್ಕೆ ಹೋದ ಹಾಗೆ ಹೆಚ್ಚು ಹೆಚ್ಚು.

ಎಲೆ ಹಾಕುವುದರಲ್ಲಿ ಮೋಸವಿಲ್ಲ. ನಿಜವಾದ ಕಟ್ಟಿನಿಂದ ಒಂದು ಎಲೆ ಬರುವ ಸಾಧ್ಯತೆ ಎಷ್ಟೋ, ಪರದೆಯ ಮೇಲೆ ಬರುವ ಸಾಧ್ಯತೆಯೂ ಅಷ್ಟೇ ಇರಬೇಕು ಎಂಬುದು ನೆವಾಡಾ ರಾಜ್ಯದ ನಿಯಮ. ಅಂದರೆ ಚೆನ್ನಾಗಿ ಕಲಸಿದ 52 ಎಲೆ. ಕ್ಯಾಸಿನೊ ತನ್ನ ಲಾಭ ಮಾಡಿಕೊಳ್ಳುವುದು ಯಾವುದಕ್ಕೆ ಎಷ್ಟು ಕೊಡುತ್ತೇವೆ ಎಂಬ ಪಟ್ಟಿಯಲ್ಲಿ. ಸ್ಲಾಟ್ ಮಿಷನ್ ಎಷ್ಟು ಹಿಂದಿರುಗಿಸುತ್ತದೆ ಎಂಬುದು ಅದರ ಚಿಪ್ಪಿನೊಳಗಿನ ಗುಟ್ಟು, ಮುಂದೆ ಕೂತವರಿಗೆ ತಿಳಿಯುವ ದಾರಿಯಿಲ್ಲ. ವಿಡಿಯೊ ಪೋಕರಿನ ಪಟ್ಟಿ ಎಲ್ಲರ ಕಣ್ಣೆದುರಿಗೇ ಇದೆ. ಓದಿದವರಿಗೆ ಲೆಕ್ಕ ಸಿಗುತ್ತದೆ, ಓದದವರು ದಂಡ ಕಟ್ಟುತ್ತಾರೆ. ನಮಗೆ ಹೆಚ್ಚು ನೋವು ಕೊಡುವುದು ಈ ಸಂಗತಿಯೇ. ಆಫೀಸಿನಲ್ಲಿ ದಿನವಿಡೀ ಸ್ಪ್ರೆಡ್‌ಶೀಟ್ ತೆರೆದುಕೊಂಡು ಕೂರುವವರು, ಸೇಲ್ಸ್ ಟ್ಯಾಕ್ಸ್ ಸಮೇತ ಬಿಲ್ಲು ತಾಳೆ ನೋಡುವವರು ಇಲ್ಲಿ ಎರಡು ಅಂಕಿ ಓದದೆ ಕೂರುತ್ತಾರೆ.

ಪರದೆಯ ಮೇಲ್ಭಾಗದಲ್ಲಿ ಐದು ಕಾಲಮ್ ಇರುತ್ತವೆ, ಒಂದು ನಾಣ್ಯದಿಂದ ಐದು ನಾಣ್ಯದವರೆಗೆ. ಮೊದಲ ಕಾಲಮ್ ನೋಡಿ. ಮೇಲಿನಿಂದ ಇಳಿಯುತ್ತ ‘ಫುಲ್ ಹೌಸ್’ ಎಂಬ ಸಾಲಿಗೆ ಬನ್ನಿ. ಅದರ ಕೆಳಗಿನದೇ ‘ಫ್ಲಶ್’. ಫುಲ್ ಹೌಸ್ ಸಾಲಿನಲ್ಲಿ 9, ಫ್ಲಶ್ ಸಾಲಿನಲ್ಲಿ 6 ಇದ್ದರೆ ಅದು ‘ನೈನ್-ಸಿಕ್ಸ್’ ಮಿಷನ್. ವೇಗಸ್‌ನ ಮುಖ್ಯ ಬೀದಿ ಸ್ಟ್ರಿಪ್‌ನ ಕಡಿಮೆ ದರದ ಮಿಷನ್‌ಗಳಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಕಾಣುವುದು 7 ಮತ್ತು 5, ಅಥವಾ 6 ಮತ್ತು 5. ಐದು ನಾಣ್ಯ ಹಾಕಿ, ಒಂದೂ ತಪ್ಪು ಮಾಡದೆ ಆಡಿದರೆ ಹಾಕಿದ ನೂರು ಡಾಲರಿಗೆ ಸರಾಸರಿ ಹಿಂದೆ ಬರುವುದು ಇಷ್ಟು:

9 ಮತ್ತು 6 ಇದ್ದರೆ 99.54 ಡಾಲರ್
8 ಮತ್ತು 5 ಇದ್ದರೆ 97.30 ಡಾಲರ್
7 ಮತ್ತು 5 ಇದ್ದರೆ 96.15 ಡಾಲರ್
6 ಮತ್ತು 5 ಇದ್ದರೆ 95.00 ಡಾಲರ್

ಫುಲ್ ಹೌಸ್ ಸುಮಾರು 87 ಆಟಕ್ಕೊಮ್ಮೆ, ಫ್ಲಶ್ ಸುಮಾರು 91 ಆಟಕ್ಕೊಮ್ಮೆ ಬರುತ್ತದೆ. ಹಾಗಾಗಿ ಆ ಎರಡರಲ್ಲಿ ಯಾವುದೇ ಸಾಲಿನಲ್ಲಿ ಒಂದು ನಾಣ್ಯ ಕತ್ತರಿಸಿದರೆ ನೂರಕ್ಕೆ ಒಂದು ಡಾಲರಿಗಿಂತ ಸ್ವಲ್ಪ ಹೆಚ್ಚೇ ಆಡುವವರ ಕೈಬಿಡುತ್ತದೆ. ಪಟ್ಟಿಯ ಉಳಿದ ಸಾಲುಗಳು ಹಾಗೇ ಇರುತ್ತವೆ. ಐದನೆಯ ಕಾಲಮ್ಮಿನ ತುದಿಯಲ್ಲಿ ರಾಯಲ್ ಫ್ಲಶ್‌ಗೆ 4000 ಎಂದು ದೊಡ್ಡದಾಗಿ ಮಿನುಗುತ್ತಿರುತ್ತದೆ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆ ರಾಯಲ್ ಬರುವುದು ಸರಾಸರಿ 40,000 ಆಟಕ್ಕೊಮ್ಮೆ. ಕತ್ತರಿ ಬಿದ್ದಿರುವುದು ಪಟ್ಟಿಯ ನಡುವೆ, ಯಾರೂ ನೋಡದ ಕಡೆ.

ಇನ್ನೆರಡು ವಿಷಯ ಗಮನದಲ್ಲಿರಲಿ. ಒಂದೇ ಮಿಷನ್ನಿನಲ್ಲಿ ಡಾಲರ್ ಆಟಕ್ಕೆ 9-6 ಇದ್ದು, ಕ್ವಾರ್ಟರ್ ಆಟಕ್ಕೆ ಬದಲಾಯಿಸಿದ ಕೂಡಲೇ ಪಟ್ಟಿ 7-5 ಆಗುವುದುಂಟು. ಬೆಟ್ಟಿನ ಗಾತ್ರ ಬದಲಾಯಿಸಿದಾಗಲೆಲ್ಲ ಪಟ್ಟಿಯನ್ನು ಮತ್ತೆ ನೋಡಿ. ಹಾಗೆಯೇ ಆಟದ ಹೆಸರನ್ನೂ ಓದಿ. ‘ಬೋನಸ್ ಪೋಕರ್’ ಎಂಬ ಆಟದಲ್ಲಿ 8-5 ಇದ್ದರೆ ಅದು 99.17, ಒಳ್ಳೆಯದೇ. ಅದೇ 8-5 ‘ಡಬಲ್ ಡಬಲ್ ಬೋನಸ್’‌ನಲ್ಲಿ 96.79. ನಾಲ್ಕು ಎಕ್ಕ ಬಂದರೆ ರಾಶಿ ಹಣ ಎಂದು ಆಸೆ ಹುಟ್ಟಿಸಿ, ಅದರ ವೆಚ್ಚವನ್ನು ಎರಡು ಜೋಡಿಯ ಸಾಲಿನಲ್ಲಿ ವಸೂಲು ಮಾಡುವ ಆಟ ಅದು.

ನೂರು ಡಾಲರ್ ತಂದವರು ಹನ್ನೊಂದು ಸಾವಿರ ಆಡುತ್ತಾರೆ

"ನಾನು ಹಾಕೋದೇ ನೂರಿನ್ನೂರು ಡಾಲರ್, ನಾಲ್ಕು ಶೇಕಡಾ ಅಂದರೆ ಎಷ್ಟಾಯಿತು ಮಹಾ?" ಎಂದು ಕೇಳುವವರಿದ್ದಾರೆ. ಶೇಕಡಾ ಲೆಕ್ಕ ಜೇಬಿನ ನೂರರ ಮೇಲೆ ನಡೆಯುವುದಿಲ್ಲ, ಒತ್ತಿದ ಪ್ರತಿ ಆಟದ ಮೇಲೆ ನಡೆಯುತ್ತದೆ. ಗೆದ್ದದ್ದನ್ನು ಮತ್ತೆ ಹಾಕುತ್ತೇವೆ, ಅದರ ಮೇಲೂ ಕಡಿತ. ಮತ್ತೆ ಗೆಲ್ಲುತ್ತೇವೆ, ಮತ್ತೆ ಹಾಕುತ್ತೇವೆ, ಮತ್ತೆ ಕಡಿತ. ಕ್ವಾರ್ಟರ್ ಮಿಷನ್ನಿನಲ್ಲಿ ಐದು ನಾಣ್ಯ ಎಂದರೆ ಒಂದು ಆಟಕ್ಕೆ 1.25 ಡಾಲರ್. ಕೈ ಪಳಗಿದವರು ಗಂಟೆಗೆ 600 ಆಟ ಸಲೀಸಾಗಿ ಆಡುತ್ತಾರೆ. ಅಲ್ಲಿಗೆ ಗಂಟೆಗೆ 750 ಡಾಲರ್ ಆಟಕ್ಕೆ ಬಿತ್ತು. 9-6 ಮಿಷನ್ನಿನಲ್ಲಿ ಆ ಗಂಟೆಯ ಸರಾಸರಿ ನಷ್ಟ ಮೂರೂವರೆ ಡಾಲರಿನ ಆಸುಪಾಸು. 8-5ರಲ್ಲಿ 20 ಡಾಲರ್. 7-5ರಲ್ಲಿ 29. 6-5ರಲ್ಲಿ 37 ಡಾಲರ್ 50 ಸೆಂಟ್. ಅದೇ ಕುರ್ಚಿ, ಅದೇ ಗುಂಡಿ, ಅದೇ ಎಲೆ. ಬೇರೆಯಾಗಿರುವುದು ಎರಡು ಅಂಕಿ.

ಈಗ ನಮ್ಮಲ್ಲೊಬ್ಬರ ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಪತ್ರದ ವಿಷಯಕ್ಕೆ ಬರೋಣ. ಮೂರು ರಾತ್ರಿ ರೂಮು, 50 ಡಾಲರ್ ಫ್ರೀ ಪ್ಲೇ (ಬಿಟ್ಟಿ ಆಟದ ಹಣ), 50 ಡಾಲರ್ ಊಟದ ಕ್ರೆಡಿಟ್. ಗಂಡ ಹೆಂಡತಿ ಇಬ್ಬರನ್ನೂ ಅಡುಗೆಮನೆಯ ಟೇಬಲ್ಲಿನ ಮುಂದೆ ಕೂರಿಸಿಕೊಂಡು ಹಿಂದಿನ ಪ್ರವಾಸದ ಲೆಕ್ಕ ಹಾಕಿದೆವು. ದಿನಕ್ಕೆ ತಲಾ ಎರಡೂವರೆ ಗಂಟೆ, ಮೂರು ದಿನ, ಇಬ್ಬರಿಂದ ಒಟ್ಟು 15 ಗಂಟೆ. ಕ್ವಾರ್ಟರ್ ಮಿಷನ್, ಫೋನಿನಲ್ಲಿ ತೆಗೆದಿದ್ದ ಫೋಟೊದ ಮೂಲೆಯಲ್ಲಿ ಪಟ್ಟಿ ಕಾಣಿಸುತ್ತಿತ್ತು: 7, 5. ಹದಿನೈದು ಗಂಟೆಗೆ 11,250 ಡಾಲರ್ ಆಟ. ಅದರ 3.85 ಶೇಕಡಾ ಎಂದರೆ 433 ಡಾಲರ್. ಇದು ತಪ್ಪೇ ಮಾಡದವರ ನಷ್ಟ. ಯಾವ ಎಲೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ನಮ್ಮಂಥವರು ಮಾಡುವ ತಪ್ಪಿಗೆ ಇನ್ನೊಂದು ಶೇಕಡಾ ಸೇರಿಸಿದರೆ 545 ಡಾಲರಿನ ಹತ್ತಿರ.

ಬಂದದ್ದೇನು? "ರೂಮಿನ ಬೆಲೆ ದಿನಕ್ಕೆ 200 ಅಂತ ತೋರಿಸ್ತಿತ್ತು" ಎಂದರು ಯಜಮಾನರು. ಅವರ ಹೆಂಡತಿ ತಕ್ಷಣ ಕೇಳಿದರು: "ಕೈಯಿಂದ ಕೊಡೋದಾಗಿದ್ರೆ ಇನ್ನೂರು ಕೊಡ್ತಿದ್ರಾ? ತೊಂಬತ್ತರ ರೂಮು ಹುಡುಕ್ತಿದ್ರಿ." ಈ ಲೆಕ್ಕದಲ್ಲಿ ಇಷ್ಟು ಸರಿಯಾದ ಮಾತು ನಾವು ಬೇರೆಲ್ಲೂ ಕೇಳಿಲ್ಲ. ಉಡುಗೊರೆಯ ಬೆಲೆಯನ್ನು ಕ್ಯಾಸಿನೊ ಅಂಟಿಸಿದ ಚೀಟಿಯಿಂದ ಅಳೆಯಬಾರದು. ನಿಮ್ಮ ಕೈಯಾರೆ ಎಷ್ಟು ಕೊಟ್ಟು ಅದನ್ನು ಕೊಳ್ಳುತ್ತಿದ್ದಿರಿ ಎಂಬುದೇ ಅದರ ಬೆಲೆ. ತೊಂಬತ್ತರಂತೆ ಮೂರು ರಾತ್ರಿಗೆ 270, ಫ್ರೀ ಪ್ಲೇ ಮತ್ತು ಊಟ ಸೇರಿ 370. ಕಾರ್ಡಿನ ಪಾಯಿಂಟು ಹತ್ತು ಹನ್ನೊಂದು ಡಾಲರ್. ಅದರ ಮೇಲೆ ರೆಸಾರ್ಟ್ ಫೀ ಬೇರೆ ಕಟ್ಟಿದ್ದರು, ರೂಮು ಬಿಟ್ಟಿಯಾದರೂ ಅದು ಬಿಟ್ಟಿಯಲ್ಲ. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ಅದೇ ಹದಿನೈದು ಗಂಟೆಯನ್ನು 9-6 ಮಿಷನ್ನಿನ ಮುಂದೆ ಕಳೆದಿದ್ದರೆ, ತಪ್ಪುಗಳನ್ನೂ ಸೇರಿಸಿ, ನಷ್ಟ 165 ಡಾಲರಿನ ಒಳಗೆ. ಮುಂದಿನ ಪತ್ರದಲ್ಲಿ ಮೂರು ರಾತ್ರಿಯ ಬದಲು ಎರಡೇ ರಾತ್ರಿ ಬಂದರೂ ಅವರು ಗೆದ್ದ ಹಾಗೆಯೇ. ಉಡುಗೊರೆ ಪಡೆಯುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಪಟ್ಟಿಯ ಮುಂದೆ ಕೂತವರಿಗೆ ಉಡುಗೊರೆ ನಿಜಕ್ಕೂ ಲಾಭ ತರಬಹುದು. ಕೆಟ್ಟ ಪಟ್ಟಿಯ ಮುಂದೆ ಕೂತವರು ತಮ್ಮ ಉಡುಗೊರೆಯನ್ನು ತಾವೇ ಕೊಂಡುಕೊಳ್ಳುತ್ತಾರೆ, ಅದೂ ದುಬಾರಿ ಬೆಲೆಗೆ.

ಪತ್ರ ಯಾಕೆ ಬರುತ್ತದೆ?

ಕಾರ್ಡು ಸಿಕ್ಕಿಸಿದ ಕ್ಷಣದಿಂದ ಮಿಷನ್ ಪ್ರತಿ ಬೆಟ್ಟನ್ನೂ ಬರೆದಿಟ್ಟುಕೊಳ್ಳುತ್ತದೆ. ಎಷ್ಟು ಆಡಿದಿರಿ, ಆ ಆಟದಲ್ಲಿ ಕ್ಯಾಸಿನೊ ಪಾಲು ಎಷ್ಟು, ಎರಡನ್ನೂ ಗುಣಿಸಿದರೆ ನಿಮ್ಮಿಂದ ಬರಬೇಕಾದ ಅಂದಾಜು ಲಾಭ. ಆ ವ್ಯವಹಾರದವರು ಅದನ್ನು ‘ಥಿಯೊ’ ಎನ್ನುತ್ತಾರೆ. ಅದರ ಒಂದು ಪಾಲನ್ನು ರೂಮು, ಊಟ, ಫ್ರೀ ಪ್ಲೇ ರೂಪದಲ್ಲಿ ವಾಪಸ್ ಕಳಿಸುತ್ತಾರೆ, ನೀವು ಮತ್ತೆ ಬರಲಿ ಎಂದು. ಕೆಟ್ಟ ಪಟ್ಟಿಯ ಮಿಷನ್ ಆಡುವವರ ಥಿಯೊ ಜಾಸ್ತಿ, ಆದ್ದರಿಂದ ಅವರಿಗೆ ಪತ್ರವೂ ಜಾಸ್ತಿ. "ನೋಡಿ, ಈ ಮಿಷನ್ ಆಡಿದ ಮೇಲೆ ನನಗೆ ಎಷ್ಟೊಂದು ಆಫರ್ ಬರ್ತಿದೆ" ಎಂದು ಯಾರಾದರೂ ಸಂತೋಷದಿಂದ ಹೇಳಿದರೆ, ಅವರು ತಮಗೇ ತಿಳಿಯದೆ ತಮ್ಮ ನಷ್ಟದ ರಸೀದಿ ತೋರಿಸುತ್ತಿದ್ದಾರೆ. ಆ ಪಾಲು ನಷ್ಟಕ್ಕಿಂತ ದೊಡ್ಡದಾಗುವಂತೆ ಕ್ಯಾಸಿನೊ ನಡೆಸುವವರು ಲೆಕ್ಕ ಹಾಕುವುದಿಲ್ಲ.

ಪಾಯಿಂಟಿನ ದರವನ್ನೂ ತಿಳಿದಿರಿ. ಬಹಳ ಕಡೆ ಸ್ಲಾಟ್ ಆಡುವವರಿಗೆ ಸಿಗುವುದರಲ್ಲಿ ಅರ್ಧ ಮಾತ್ರ ವಿಡಿಯೊ ಪೋಕರ್ ಆಡುವವರಿಗೆ. ಹತ್ತು ಡಾಲರ್ ಆಟಕ್ಕೆ ಒಂದು ಪಾಯಿಂಟು, ನೂರು ಪಾಯಿಂಟಿಗೆ ಒಂದು ಡಾಲರ್ ಎಂದುಕೊಳ್ಳಿ. ಅಂದರೆ ಸಾವಿರ ಡಾಲರ್ ಆಡಿದರೆ ಒಂದು ಡಾಲರ್ ವಾಪಸ್, ಶೇಕಡಾ 0.1. ಕಳೆದುಕೊಂಡ ಶೇಕಡಾ 3.85ರ ಮುಂದೆ ಇದು ಯಾವ ಲೆಕ್ಕ? "ಇವತ್ತು ಐದು ಪಟ್ಟು ಪಾಯಿಂಟ್" ಎಂಬ ಫಲಕ ಕಂಡಾಗ ಜನ ಓಡುತ್ತಾರೆ. ಐದು ಪಟ್ಟಾದರೆ 0.5. 9-6 ಮಿಷನ್ನಿನ 0.46 ನಷ್ಟವನ್ನು ಅದು ತುಂಬಿಕೊಡುತ್ತದೆ, ಆ ದಿನ ಆ ಮಿಷನ್ ಹುಡುಕಿ ಹೋಗುವುದು ಬುದ್ಧಿವಂತಿಕೆ. ಆದರೆ ಆ ಮಿಷನ್‌ಗಳನ್ನೇ ಐದು ಪಟ್ಟಿನಿಂದ ಹೊರಗಿಡುವುದು ಸಾಮಾನ್ಯ, ಫಲಕದ ಕೆಳಗಿನ ಸಣ್ಣ ಅಕ್ಷರ ಓದಿ. 7-5ರ ಮುಂದೆ ಕೂತವರಿಗೆ ಐದು ಪಟ್ಟು ಬಂದರೂ ಮೂರು ಶೇಕಡಾಕ್ಕಿಂತ ಹೆಚ್ಚು ನಷ್ಟ ಉಳಿದೇ ಇರುತ್ತದೆ.

ಡೈಮಂಡ್ ಆಗುವ ಹುಚ್ಚು

ವರ್ಷದ ಕೊನೆ ಹತ್ತಿರ ಬಂದಂತೆ ಇನ್ನೊಂದು ಮಾತು ಕೇಳುತ್ತದೆ: "ಇನ್ನು ಸ್ವಲ್ಪ ಆಡಿದ್ರೆ ಡೈಮಂಡ್ ಆಗ್ತೀನಿ." ಕ್ಲಬ್ ಕಾರ್ಡಿನಲ್ಲಿ ಡೈಮಂಡ್‌ನಂಥ ಮೇಲಿನ ಮಟ್ಟಕ್ಕೆ ಏರಿದರೆ ರೆಸಾರ್ಟ್ ಫೀ ಇಲ್ಲ, ಪಾರ್ಕಿಂಗ್ ಬಿಟ್ಟಿ, ಚೆಕ್-ಇನ್‌ಗೆ ಬೇರೆ ಸಾಲು. ಆ ಬೇರೆ ಸಾಲಿನಲ್ಲಿ ನಿಲ್ಲುವ ಖುಷಿ ನಮಗೆ ಅರ್ಥವಾಗುತ್ತದೆ. ಹೆಂಡತಿ ಮಕ್ಕಳ ಮುಂದೆ, ಊರಿನಿಂದ ಬಂದ ಬಾವನ ಮುಂದೆ ಒಂದು ಘನತೆ. ಅದರ ಬೆಲೆ ನೋಡಿ.

ಆ ಮಟ್ಟಕ್ಕೆ ಹತ್ತು ಡಾಲರಿಗೆ ಒಂದು ಪಾಯಿಂಟಿನಂತೆ 15,000 ಪಾಯಿಂಟ್ ಬೇಕೆಂದರೆ 1,50,000 ಡಾಲರ್ ಆಡಬೇಕು. ಕ್ವಾರ್ಟರ್ ಮಿಷನ್ನಿನಲ್ಲಿ ಇದು 200 ಗಂಟೆಯ ಕೂಲಿ. ಡಾಲರ್ ಮಿಷನ್ನಿನಲ್ಲಿ 50 ಗಂಟೆ. 9-6ರಲ್ಲಿ ಸರಾಸರಿ ನಷ್ಟ 690 ಡಾಲರ್. 8-5ರಲ್ಲಿ 4,050. 7-5ರಲ್ಲಿ 5,775. 6-5ರಲ್ಲಿ 7,500. ವರ್ಷಕ್ಕೆ ಆರು ರಾತ್ರಿ ವೇಗಸ್‌ನಲ್ಲಿ ಕಳೆಯುವ ಕುಟುಂಬಕ್ಕೆ ರೆಸಾರ್ಟ್ ಫೀ ದಿನಕ್ಕೆ 50, ಪಾರ್ಕಿಂಗ್ 20 ಎಂದು ಹಿಡಿದರೂ ಉಳಿಯುವುದು 420 ಡಾಲರ್. 420 ಉಳಿಸಲು ಐದೂವರೆ ಸಾವಿರಕ್ಕೂ ಮಿಕ್ಕಿ ಸುರಿಯುವುದನ್ನು ನಮ್ಮ ಮನೆಗಳಲ್ಲಿ ಬೇರೆ ಯಾವ ವ್ಯವಹಾರದಲ್ಲೂ ಯಾರೂ ಒಪ್ಪುವುದಿಲ್ಲ. ಐದು ಸಾವಿರ ಡಾಲರ್ ಎಂದರೆ ನಾಲ್ಕು ಜನ ಬೆಂಗಳೂರಿಗೆ ಹೋಗಿಬರುವ ಟಿಕೆಟ್ಟಿಗೆ ಬಹುಪಾಲು ಆದೀತು, ಅಜ್ಜಿ ಮೊಮ್ಮಕ್ಕಳನ್ನು ನೋಡಿ ಎರಡು ವರ್ಷವಾಗಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ರೂಮಿನ ನಿಜವಾದ ಬೆಲೆ ತಿಳಿಯುವುದು ಈಗ ಸುಲಭವಾಗಿದೆ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಫೆಡರಲ್ ನಿಯಮದ ಪ್ರಕಾರ ಹೋಟೆಲುಗಳು ಕಡ್ಡಾಯ ಫೀಯನ್ನು ಸೇರಿಸಿಯೇ ಬೆಲೆ ತೋರಿಸಬೇಕು. ಮೊದಲು 39 ಎಂದು ತೋರಿಸಿ ಕೌಂಟರಿನಲ್ಲಿ 90 ಕೇಳುತ್ತಿದ್ದ ಕಾಲ ಹೋಯಿತು. ಹೊರಡುವ ಮುಂಚೆ ಒಂದು ಸಾದಾ ರೂಮಿನ ಪೂರ್ತಿ ಬೆಲೆ ಬರೆದುಕೊಳ್ಳಿ. ಕ್ಯಾಸಿನೊ ಕೊಡುವ ಬಿಟ್ಟಿ ರೂಮಿಗಾಗಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವ ಅಗತ್ಯ ನಿಮಗಿಲ್ಲ.

ಬಾರಿನ ಪಾನೀಯ

ಬಾರ್ ಕಟ್ಟೆಗೇ ಕೂರಿಸಿರುವ ಮಿಷನ್‌ಗಳ ಬಗ್ಗೆ ಒಂದೆರಡು ಮಾತು ಸಾಕು. ಆಡುತ್ತಿದ್ದರೆ ಪಾನೀಯ ಬಿಟ್ಟಿ. ಸ್ಟ್ರಿಪ್‌ನ ಎಷ್ಟೋ ಬಾರುಗಳಲ್ಲಿ ಸಾಕಷ್ಟು ಆಡಿದ್ದೀರಾ ಎಂದು ಮಿಷನ್ನೇ ಬಾರ್‌ಟೆಂಡರಿಗೆ ದೀಪದ ಬಣ್ಣದಿಂದಲೋ ಚೀಟಿಯಿಂದಲೋ ತಿಳಿಸುತ್ತದೆ. ಅಲ್ಲಿನ ಪಟ್ಟಿ ಬಹುತೇಕ 6-5. ನಿಧಾನವಾಗಿ ಆಡಿದರೂ ಅರ್ಧ ಗಂಟೆಗೆ 200 ಆಟ, 250 ಡಾಲರ್, ನಷ್ಟ 12 ಡಾಲರ್ 50 ಸೆಂಟ್, ಜತೆಗೆ ಟಿಪ್ಸ್. ಬಾಟಲಿ ಬಿಯರನ್ನು ಪಕ್ಕದ ಫಾರ್ಮಸಿ ಅಂಗಡಿಯಿಂದಲೇ ತಂದುಕೊಳ್ಳಬಹುದಿತ್ತು. ಗೆಳೆಯರ ಜತೆ ಬಾರಿನಲ್ಲಿ ಕೂರುವ ಆಸೆಯಿದ್ದರೆ ದುಡ್ಡು ಕೊಟ್ಟು ಕುಡಿಯಿರಿ, ಮಿಷನ್ನಿನ ಗಾಜಿನ ಮೇಲೆ ಲೋಟ ಇಟ್ಟು ಮಾತಾಡಿ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ

ಇದನ್ನು ದಯವಿಟ್ಟು ಎರಡು ಸಲ ಓದಿ. ಭಾರತದಿಂದ ವಿಸಿಟರ್ ವೀಸಾದಲ್ಲಿ ಬಂದ ಹಿರಿಯರು ಇಲ್ಲಿನ ತೆರಿಗೆ ಕಾನೂನಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಅನಿವಾಸಿಗಳು. ಅವರಿಗೆ ಮಿಷನ್ನಿನಲ್ಲಿ ದೊಡ್ಡ ಗೆಲುವು ಬಂದರೆ ಕ್ಯಾಸಿನೊ 30 ಶೇಕಡಾ ಹಿಡಿದುಕೊಂಡೇ ಉಳಿದದ್ದನ್ನು ಕೊಡುತ್ತದೆ. ಡಾಲರ್ ಮಿಷನ್ನಿನಲ್ಲಿ ಅಮ್ಮನಿಗೆ ರಾಯಲ್ ಫ್ಲಶ್ ಬಂತು ಎನ್ನಿ. 4,000 ಡಾಲರಿನಲ್ಲಿ 1,200 ಅಲ್ಲೇ ಹೋಯಿತು. ಸೋತದ್ದನ್ನು ಅದರಿಂದ ಕಳೆಯುವ ಅವಕಾಶವೂ ಅವರಿಗಿಲ್ಲ. ಪಟ್ಟಿಯ ಶೇಕಡಾವಾರು ಲೆಕ್ಕದೊಳಗೆ ರಾಯಲ್ಲಿನ ಪಾಲೇ ಸುಮಾರು ಎರಡು ಶೇಕಡಾ ಇದೆ. ಅದರಲ್ಲಿ ಮೂರನೇ ಒಂದು ಭಾಗದ ಹತ್ತಿರ ತೆರಿಗೆಗೆ ಹೋದರೆ, 9-6 ಮಿಷನ್ ಕೂಡ ಅವರ ಪಾಲಿಗೆ 9-6 ಆಗಿ ಉಳಿಯುವುದಿಲ್ಲ. ಆಡುವ ಆಸೆಯಿದ್ದರೆ ಕ್ವಾರ್ಟರ್ ಮಿಷನ್ ಸಾಕು, ಅಲ್ಲಿ ರಾಯಲ್ ಎಂದರೆ 1,000 ಡಾಲರ್, ಕ್ಯಾಸಿನೊ ಅಲ್ಲೇ ತೆರಿಗೆ ಹಿಡಿಯುವಷ್ಟು ದೊಡ್ಡದಲ್ಲ.

ಇಲ್ಲಿ ತೆರಿಗೆ ಕಟ್ಟುವ ನಿವಾಸಿಗಳಿಗೂ ಕಾಲ ಕೆಟ್ಟಿದೆ. 2025ರಲ್ಲಿ ಅಂಗೀಕಾರವಾದ ತೆರಿಗೆ ಕಾಯ್ದೆ, 2026ರಿಂದ ಜೂಜಿನ ನಷ್ಟದಲ್ಲಿ 90 ಶೇಕಡಾ ಮಾತ್ರ ಕಳೆಯಲು ಬಿಡುತ್ತದೆ. ಹತ್ತು ಸಾವಿರ ಗೆದ್ದು ಹತ್ತು ಸಾವಿರ ಸೋತವರೂ ಕೈಗೆ ಬಾರದ ಸಾವಿರಕ್ಕೆ ತೆರಿಗೆ ಕಟ್ಟಬೇಕು. ಅದೂ ಐಟಮೈಸ್ ಮಾಡುವವರಿಗೆ ಮಾತ್ರ ಸಿಗುವ ವಿನಾಯಿತಿ. ಡೈಮಂಡ್ ಆಗಲು ಲಕ್ಷಗಟ್ಟಲೆ ಡಾಲರ್ ಉರುಳಿಸುವವರು ತಮ್ಮ ತೆರಿಗೆ ಸಲಹೆಗಾರರ ಹತ್ತಿರ ಮೊದಲು ಮಾತಾಡಿ.

ನಮಗೆ ಹೇಳುವ ಮಾತುಗಳು

"ಮಜಾಕ್ಕೆ ಆಡ್ತೀವಿ, ಲೆಕ್ಕ ಯಾಕೆ?" ಮಜಾಕ್ಕೇ ಆಡಿ. ಗಂಟೆಗೆ ಮೂರೂವರೆ ಡಾಲರಿನ ಮಜಾ ಹತ್ತಿರದಲ್ಲೇ ಇರುವಾಗ ಮೂವತ್ತೇಳರ ಮಜಾ ಯಾಕೆ? ಎರಡೂ ಮಿಷನ್ನಿನಲ್ಲಿ ಅದೇ ನಾಲ್ಕು ಎಕ್ಕ, ಅದೇ ಎದೆಬಡಿತ.

"ಹೋದ ಸಲ 7-5ರಲ್ಲೇ ಗೆದ್ದು ಬಂದೆ." ಬಂದಿರಬಹುದು, ನಿಮ್ಮ ಸಂತೋಷ ನಮ್ಮದೂ. ಒಂದು ವಾರಾಂತ್ಯದಲ್ಲಿ ಏನು ಬೇಕಾದರೂ ಆಗುತ್ತದೆ. ಹದಿನೈದು ಗಂಟೆ ಆಡಿದವರಲ್ಲಿ ಐದರಲ್ಲಿ ನಾಲ್ಕು ಜನ ರಾಯಲ್ ಕಾಣದೆಯೇ ವಾಪಸಾಗುತ್ತಾರೆ, ಒಬ್ಬರು ಕಂಡು ಬರುತ್ತಾರೆ. ಆ ಒಬ್ಬರ ಫೋಟೊ ಎಲ್ಲ ವಾಟ್ಸಾಪ್ ಗುಂಪಿಗೂ ಬರುತ್ತದೆ. ಉಳಿದ ನಾಲ್ವರು ಏನೂ ಕಳಿಸುವುದಿಲ್ಲ.

"ಕಾರ್ಡ್ ಹಾಕಿದ್ರೆ ಎಲೆ ಕೆಡುತ್ತೆ." ಇದು ಸುಳ್ಳು. ಕಾರ್ಡಿಗೂ ಎಲೆಗೂ ಸಂಬಂಧವಿಲ್ಲ. ಕಾರ್ಡು ಖಂಡಿತ ಹಾಕಿ, ಬರುವುದನ್ನು ಬಿಡಬೇಡಿ. ಕಾರ್ಡಿಗೋಸ್ಕರ ಇನ್ನೊಂದು ಗಂಟೆ ಕೂರಬೇಡಿ.

ಈ ಥ್ಯಾಂಕ್ಸ್‌ಗಿವಿಂಗ್‌ಗೆ ಹೀಗೆ ಮಾಡಿ

ಕ್ಯಾಸಿನೊ ಕ್ಲಬ್ಬಿನ ಕೌಂಟರಿಗೆ ಹೋಗಿ ಹಿಂದಿನ ವರ್ಷದ ವಿನ್-ಲಾಸ್ ಸ್ಟೇಟ್‌ಮೆಂಟ್ ಕೇಳಿ. ಕೊಡುತ್ತಾರೆ, ಅದು ನಿಮ್ಮದೇ ಲೆಕ್ಕ. ಅದರ ಪಕ್ಕದಲ್ಲಿ ಆ ವರ್ಷ ಸಿಕ್ಕ ರೂಮು, ಊಟ, ಫ್ರೀ ಪ್ಲೇಗೆ ನೀವು ಕೈಯಾರೆ ಎಷ್ಟು ಕೊಡುತ್ತಿದ್ದಿರೋ ಅಷ್ಟನ್ನೇ ಬರೆಯಿರಿ. ಗಂಡನ ಲೆಕ್ಕವನ್ನು ಹೆಂಡತಿ, ಹೆಂಡತಿಯ ಲೆಕ್ಕವನ್ನು ಗಂಡ ಬರೆದರೆ ಇನ್ನೂ ಒಳ್ಳೆಯದು.

ಒಳಗೆ ಹೋದ ಮೇಲೆ ಮೊದಲ ಹತ್ತು ನಿಮಿಷ ಆಡಬೇಡಿ, ಸುತ್ತಾಡಿ. ಪಟ್ಟಿ ನೋಡಲು ನೋಟು ಹಾಕಬೇಕಾಗಿಲ್ಲ, ಪರದೆ ಮುಟ್ಟಿದರೆ ಕಾಣುತ್ತದೆ. ಸ್ಟ್ರಿಪ್‌ನಲ್ಲಿ ಸಿಗದಿದ್ದರೆ ಅಲ್ಲಿಂದ ಆಚೆ ಊರಿನವರು ಹೋಗುವ ಕ್ಯಾಸಿನೊಗಳಲ್ಲಿ ಒಳ್ಳೆಯ ಪಟ್ಟಿ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕಿದಾಗ ಐದು ನಾಣ್ಯ ಹಾಕಿ ಆಡಿ. ನಾಲ್ಕೇ ಹಾಕಿದರೆ ರಾಯಲ್‌ಗೆ ನಾಣ್ಯಕ್ಕೆ 800ರ ಬದಲು 250 ಮಾತ್ರ, ಅಲ್ಲಿಗೆ ಇನ್ನೊಂದು ಶೇಕಡಾ ಹೋಯಿತು. ಯಾವ ಎಲೆ ಹಿಡಿಯಬೇಕು ಎಂದು ಅಚ್ಚು ಹಾಕಿದ ಚೀಟಿಗಳು ಸಿಗುತ್ತವೆ, ಪಕ್ಕದಲ್ಲಿಟ್ಟುಕೊಂಡು ಆಡಲು ಅಡ್ಡಿಯಿಲ್ಲ. ಎರಡು ನಾಲ್ಕು ಬಂದು ಜತೆಗೊಬ್ಬ ರಾಜ ಬಂದಾಗ ನಮ್ಮವರು ರಾಜನನ್ನೂ ಹಿಡಿದಿಟ್ಟುಕೊಳ್ಳುತ್ತಾರೆ. ಹಿಡಿಯಬೇಡಿ. ನಾಲ್ಕರ ಜೋಡಿ ಇಟ್ಟುಕೊಂಡು ಮೂರೂ ಎಲೆ ಬದಲಾಯಿಸಿ.

ಒಳ್ಳೆಯ ಪಟ್ಟಿ ಎಲ್ಲೂ ಸಿಗಲಿಲ್ಲವೇ? ಪತ್ರದಲ್ಲಿ ಬಂದ ಫ್ರೀ ಪ್ಲೇ ಆಡಿ ಮುಗಿಸಿ, ಗೆದ್ದದ್ದು ಜೇಬಿಗಿಳಿಸಿ, ಎದ್ದು ಹೋಗಿ ಬೆಲ್ಲಾಜಿಯೊ ಮುಂದಿನ ಕಾರಂಜಿ ನೋಡಿ, ಮಕ್ಕಳನ್ನು ಹೂವರ್ ಡ್ಯಾಮಿಗೆ ಕರೆದುಕೊಂಡು ಹೋಗಿ.

ಆಡಲು ಕೂತರೆ ಏಳಲಾಗದವರು, ಸೋತದ್ದನ್ನು ಮನೆಯಲ್ಲಿ ಬಚ್ಚಿಡುವವರು, ಕ್ರೆಡಿಟ್ ಕಾರ್ಡಿನಿಂದ ಹಣ ತೆಗೆದು ಆಡುವವರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ 9-6 ಲೆಕ್ಕ ಬೇಕಾಗಿಲ್ಲ, ಸಹಾಯ ಬೇಕು. 1-800-426-2537ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮನೆಯವರೂ ಮಾಡಬಹುದು. ಕ್ಯಾಸಿನೊದವರಿಗೆ ಹೇಳಿ ಪತ್ರಗಳನ್ನು ನಿಲ್ಲಿಸಿ, ನನ್ನನ್ನು ಒಳಗೆ ಬಿಡಬೇಡಿ ಎಂದು ಬರೆದುಕೊಡಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಜತೆಗೆ ಕೂತು ಫೋನ್ ಹಚ್ಚಿಕೊಡಲು ನಾವು ತಯಾರಿದ್ದೇವೆ.

ಉಳಿದ ಎಲ್ಲರಲ್ಲಿ ಒಂದು ವಿನಂತಿ. ಈ ಸಲ ವೇಗಸ್‌ನಲ್ಲಿ ನೀವು ಕಂಡ ಪ್ರತಿ ಪಟ್ಟಿಯ ಫುಲ್ ಹೌಸ್, ಫ್ಲಶ್ ಅಂಕಿಗಳನ್ನು, ಯಾವ ಮೂಲೆಯಲ್ಲಿ ಎಷ್ಟರ ಮಿಷನ್ ಎಂಬ ವಿವರದ ಜತೆ ನಿಮ್ಮ ಗುಂಪಿಗೆ ಹಾಕಿ. 9-6 ಕಂಡರೂ ಹಾಕಿ, 6-5 ಕಂಡರೂ ಹಾಕಿ. ಕ್ರಿಸ್ಮಸ್ ರಜೆಗೆ ಹೊರಡುವವರು ಅದನ್ನು ನೋಡಿಕೊಂಡು ಹೊರಡಲಿ.

ಇಂತಿ,
ಬೇ ಏರಿಯಾ ಮತ್ತು ಲಾಸ್ ಏಂಜಲೀಸ್‌ನ ಕೆಲವು ಕನ್ನಡಿಗರು